ಬಾಳೆನಾರಿನ ಕಟ್ಟು

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬ ಅಜ್ಜಯ್ಯ. ಅಂಗಳದ ತುಂಬ ಮರಗಳು. ಆದರೆ ಯಾವ ಮರವೂ ಮೊಣಕಾಲಿಗಿಂತ ಎತ್ತರವಿಲ್ಲ. ಆಲ, ಅತ್ತಿ, ಹುಣಸೆ, ಬೇಲ, ಎಲ್ಲವೂ ಅಗಲವಾದ ಮಣ್ಣಿನ ಕುಂಡಗಳಲ್ಲಿ ಬೊಡ್ಡೆ ದಪ್ಪ ಮಾಡಿಕೊಂಡು, ಮುದಿ ಮರಗಳ ಹಾಗೇ ನಿಂತಿದ್ದವು.

ಅಲ್ಲಿಗೆ ದಿನಾ ಬೆಳಿಗ್ಗೆ ಹಾಲಮ್ಮ ಬರುತ್ತಿದ್ದಳು. ಅಂಗಳ ಗುಡಿಸಿ, ಕುಂಡಗಳಿಗೆ ನೀರು ಹಾಕಿ, ಅಜ್ಜಯ್ಯ ಹೇಳಿದ ನಾಲ್ಕು ಮಾತು ಕೇಳಿಕೊಂಡು ಊರಿಗೆ ಮರಳುತ್ತಿದ್ದಳು.

ಒಂದು ದಿನ ಅವಳು ಪೊರಕೆ ಕೆಳಗಿಟ್ಟು ಅಜ್ಜಯ್ಯನ ಮುಂದೆ ಬಂದು ಕೂತಳು.

"ಅಜ್ಜಯ್ಯ, ನಂಗೆ ಕಾವಿ ಕೊಡ್ರಿ. ಇನ್ನು ಮನೆಗೆ ಹೋಗಲ್ಲ."

"ಮನೇಲಿ ಯಾರು ಬೈದರು?"

"ಯಾರೂ ಬೈಯಲ್ಲ. ಅದೇ ಕಷ್ಟ."

ಹಾಲಮ್ಮ ಹಗ್ಗ ಹೊಸೆಯುವ ಕೆಂಚಪ್ಪನ ಎರಡನೇ ಹೆಂಡತಿ. ಮೊದಲಿನವಳು ಜ್ವರದಲ್ಲಿ ತೀರಿಕೊಂಡಿದ್ದಳು. ಅವಳು ಬಿಟ್ಟುಹೋದ ಮಗಳು ಕೊಟ್ರಿ. ಕೆಂಚಪ್ಪ ಒಳ್ಳೆಯವನು. ಕೊಟ್ರಿಯೂ ಕೆಟ್ಟ ಹುಡುಗಿಯಲ್ಲ. ಆದರೆ ಅವಳು ಹಾಲಮ್ಮನನ್ನು ಅವ್ವ ಎನ್ನುತ್ತಿರಲಿಲ್ಲ. ಬೇರೆ ಏನೂ ಎನ್ನುತ್ತಿರಲಿಲ್ಲ. ಹಸಿವಾದರೆ ಗೋಡೆಯ ಕಡೆ ತಿರುಗಿ, "ಹಸಿವಾಗೈತೆ" ಎಂದು ಗೋಡೆಗೇ ಹೇಳುತ್ತಿದ್ದಳು.

ಹಾಲಮ್ಮ ಅವಳ ತಲೆ ಬಾಚಿದಳು. ಹೊಸ ಲಂಗ ಹೊಲಿಸಿದಳು. ಶೇಂಗಾ ಉಂಡೆ ಕಟ್ಟಿ ಕೊಟ್ಟಳು. ಸತ್ತವಳ ನೆನಪು ಮಗುವನ್ನು ಕಾಡಬಾರದೆಂದು ಅವಳ ಸೀರೆ, ಅವಳ ಕನ್ನಡಿ ಎಲ್ಲವನ್ನೂ ಅಟ್ಟಕ್ಕೆ ಹಾಕಿದಳು. ಒಂದೊಂದು ಮಾಡಿದಾಗಲೂ ಮಗುವಿನ ಗಲ್ಲ ಹಿಡಿದು ಕೇಳಿದಳು, "ಎಲ್ಲಿ, ಈಗ ಅವ್ವ ಅನ್ನು." ಕೊಟ್ರಿ ತುಟಿ ಬಿಗಿಹಿಡಿದಳು.

"ಒಂದೇ ಸೂರಿನ ಕೆಳಗೆ ಇದ್ದೀವಿ ಅಜ್ಜಯ್ಯ. ಒಂದು ಮನೆ ಆಗಲಿಲ್ಲ," ಎಂದಳು ಹಾಲಮ್ಮ.

ಅಜ್ಜಯ್ಯ ಎದ್ದು ಮಠದ ಹಿಂದಕ್ಕೆ ಹೋದ. ಬರುವಾಗ ಅವನ ಕೈಯಲ್ಲಿ ಐದು ಎಳೆ ಸಸಿಗಳಿದ್ದವು. ಆಲದ ಜಾತಿಯ ಬಸರಿ ಸಸಿಗಳು. ಒಂದು ಗೋಡೆಯ ಬಿರುಕಿನದು, ಒಂದು ಬಾವಿಯ ಕಲ್ಲಿನ ಸಂದಿನದು, ಉಳಿದವು ಹೊಳೆದಂಡೆಯವು.

"ಇವನ್ನ ಒಂದು ಮರ ಮಾಡು. ಆದ ದಿನ ತಗೊಂಡು ಬಾ. ಕಾವಿ ಕೊಡ್ತೀನಿ."

"ಐದು ಸೇರಿ ಒಂದಾ?"

"ಒತ್ತಾಗಿ ಕಟ್ಟಿದರೆ ದಪ್ಪ ಆಗ್ತಾ ಆಗ್ತಾ ಒಂದರ ಮೈಗೆ ಒಂದು ಕೂಡಿಕೊಳ್ತಾವೆ."

ಅವನು ಒಂದು ಒಡೆದ ಹಂಚಿನ ತುಂಡು ತಂದ. ಅದರ ನಡುವೆ ತೂತಿತ್ತು. ಐದರ ಬೇರನ್ನೂ ಆ ಒಂದೇ ತೂತಿನಲ್ಲಿ ಇಳಿಸಿ, ಹಂಚಿನ ಕೆಳಗೆ ಹರಡಿ, ಕುಂಡದಲ್ಲಿಟ್ಟು ಮಣ್ಣು ಮುಚ್ಚಿದ. ಮೇಲೆ ಐದು ಕಾಂಡಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತವು.

"ಕಟ್ಟೋದು ನಿನ್ನ ಕೆಲಸ," ಎಂದು ಕುಂಡವನ್ನು ಅವಳ ಕಡೆ ಸರಿಸಿದ.

ಹಾಲಮ್ಮ ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಬಂದಳು. ಹಗ್ಗಕ್ಕೇನೂ ಬರವಿಲ್ಲದ ಮನೆ. ಗಂಡ ಹೊಸೆದಿಟ್ಟ ಪುಂಡಿನಾರಿನ ಹುರಿ ತೆಗೆದುಕೊಂಡು, ಹಲ್ಲು ಕಚ್ಚಿ, ಸಸಿಗಳನ್ನು ಬುಡದಿಂದ ಬಿಗಿದಳು. ಕಾವಿ ಬೇಗ ಸಿಗಬೇಕಿತ್ತು.

ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದಳು. ಕೂಡಿರಲಿಲ್ಲ. ಮತ್ತೆ ಬಿಗಿದಳು. ಅದರ ಮರುದಿನವೂ ಬಿಚ್ಚಿದಳು. ಹೀಗೇ ಒಂದು ಮಳೆಗಾಲ ಕಳೆಯಿತು.

ಕೊನೆಗೆ ಕುಂಡ ಹೊತ್ತುಕೊಂಡು ಮಠಕ್ಕೆ ಬಂದಳು.

"ನಿಮ್ಮ ಗಿಡಗಳು ಕೂಡೋ ಜಾತಿಯವಲ್ಲ ಅಜ್ಜಯ್ಯ."

ಅಜ್ಜಯ್ಯ ಹುರಿ ಬಿಚ್ಚಿದ. ಕಾಂಡದ ಸುತ್ತ ಹುರಿ ಕೊರೆದ ಗಾಯ. ಗಾಯದಲ್ಲಿ ಒಸರಿದ ಹಾಲು ಕಪ್ಪಾಗಿ ಒಣಗಿತ್ತು.

"ಈ ಹುರಿ ಯಾತಕ್ಕೆ ಮಾಡಿದ್ದು?"

"ಎತ್ತು ಕಟ್ಟೋಕೆ."

"ಎತ್ತು ಓಡಿಹೋಗುತ್ತೆ ಅಂತ ಕಟ್ತಾರೆ. ಗಿಡ ಎಲ್ಲಿಗೆ ಓಡಿಹೋಗುತ್ತೆ?"

ಹಾಲಮ್ಮ ಗಾಯದ ಮೇಲೆ ಬೆರಳಾಡಿಸಿದಳು.

"ದಿನಾ ಬಿಚ್ಚಿದೆಯಾ?"

"ಬಿಚ್ಚದೆ ಕೂಡಿದ್ದು ಹೆಂಗೆ ಗೊತ್ತಾಗಬೇಕು?"

"ಬಿಚ್ಚಿದಾಗ ಏನು ಕಂಡಿತು?"

"ಬೇರೆ ಬೇರೆ ಐದು ಗಿಡ."

"ಬಿಚ್ಚಿದ ಮೇಲೆ ಇನ್ನೇನು ಕಂಡೀತು?"

ಅಷ್ಟು ಹೇಳಿ ಅಜ್ಜಯ್ಯ ಸ್ನಾನಕ್ಕೆ ಹೊಳೆಗೆ ಇಳಿದ.

ಹಾಲಮ್ಮ ಮನೆಗೆ ಬಂದು ಕಟ್ಟಲು ಮೆತ್ತಗಿನದೇನಾದರೂ ಇದೆಯೇ ಎಂದು ಹುಡುಕಿದಳು. ಹಳೇ ಬಟ್ಟೆಯ ಪಟ್ಟಿ ಕಟ್ಟಿದಳು, ಅದು ನಿಲ್ಲಲಿಲ್ಲ. ನೂಲು ಸುತ್ತಿದಳು, ಅದು ಕೊರೆಯುವಂತಿತ್ತು. ಕೊಟ್ರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಾಳೆನಾರು ಆದ್ರೆ ಕೊರೆಯಲ್ಲ," ಎಂದಳು ಗೋಡೆಗೆ. "ನೀರಲ್ಲಿ ನೆನೆಸಬೇಕು."

"ಯಾರು ಹೇಳಿದರು ನಿಂಗೆ?"

"ಅವ್ವ. ಅವ್ವ ಮಲ್ಲಿಗೆ ಕಟ್ಟೋವಾಗ ನೆನೆಸ್ತಿದ್ಲು."

ಬೇರೆ ದಿನವಾಗಿದ್ದರೆ ಹಾಲಮ್ಮ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಸತ್ತವಳ ಮಾತು ಬಂದಾಗೆಲ್ಲ ಅವಳಿಗೆ ಒಲೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅವತ್ತು ಅವಳು ಕೂತಲ್ಲೇ ಕೂತಿದ್ದಳು. ನೂಲು ಕೆಳಗಿಟ್ಟು ಕೇಳಿದಳು.

"ನಿಮ್ಮವ್ವ ಹೆಂಗೆ ನೆನೆಸ್ತಿದ್ಲು? ನಂಗೆ ತೋರಿಸ್ತೀಯಾ?"

ಕೊಟ್ರಿ ಮೊದಲ ಸಲ ಗೋಡೆ ಬಿಟ್ಟು ಅವಳ ಮುಖ ನೋಡಿದಳು. ಆಮೇಲೆ ಹಿತ್ತಿಲಿಗೆ ಓಡಿ ಬಾಳೆಯ ಒಣ ಪಟ್ಟೆ ತಂದಳು. ನೀರಲ್ಲಿ ಅದ್ದಿದಳು. ಉಗುರಿನಿಂದ ಸೀಳಿ ಸೀಳಿ ನಾರು ತೆಗೆದಳು. ಹಾಲಮ್ಮ ಸಸಿಗಳನ್ನು ಒತ್ತಿ ಹಿಡಿದಳು, ಕೊಟ್ರಿ ಸುತ್ತಿದಳು.

"ಬಿಗಿ ಸಾಕಾ?" ಎಂದಳು ಹಾಲಮ್ಮ.

"ಸಾಕು. ಹೂವಿಗೆ ನೋವಾಗಬಾರದು ಅಂತಿದ್ಲು ಅವ್ವ."

ಅಂದಿನಿಂದ ಹಾಲಮ್ಮ ಕಟ್ಟು ಬಿಚ್ಚಲಿಲ್ಲ. ನೀರು ಹಾಕುವಾಗ ಬೆರಳು ಅತ್ತ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕೊಟ್ರಿಯ ತಲೆ ಬಾಚುವಾಗ ಒಂದು ಮಾತು ತುದಿನಾಲಿಗೆಗೆ ಬರುತ್ತಿತ್ತು. ಅದನ್ನೂ ನುಂಗಿಕೊಳ್ಳುತ್ತಿದ್ದಳು.

ಬೇಸಿಗೆ ಬಂತು. ಐದರಲ್ಲಿ ನಡುವಿನ ಸಸಿ ಬಾಡಿತು. ಹಾಲಮ್ಮ ನೆರಳಿಗಿಟ್ಟಳು, ಎರಡೂ ಹೊತ್ತು ನೀರು ಚಿಮುಕಿಸಿದಳು. ಎಲೆಗಳು ಉದುರಿದವು. ಉಗುರಲ್ಲಿ ತೊಗಟೆ ಕೆರೆದು ನೋಡಿದರೆ ಒಳಗೆ ಹಸಿರೇ ಇಲ್ಲ.

ಇದು ಕೊಳೆತು ಉಳಿದವನ್ನೂ ಕೆಡಿಸುತ್ತದೆ ಎನಿಸಿತು ಅವಳಿಗೆ. ಕೀಳಲು ಕೈ ಹಾಕಿದಳು.

"ಕೀಳಬೇಡ!"

ಕೊಟ್ರಿ ಎಲ್ಲಿಂದಲೋ ಓಡಿಬಂದು ಕುಂಡ ಕಸಿದುಕೊಂಡಳು. ಎದೆಗವಚಿಕೊಂಡು ಬಾಗಿಲು ದಾಟಿ ಓಡಿದಳು. ಕುಂಡ ಅವಳಿಗಿಂತ ಭಾರವೇನೋ ಎಂಬಂತಿತ್ತು. ಹಾಲಮ್ಮ, "ಬಿದ್ದೀಯೇ, ನಿಲ್ಲೇ!" ಎಂದು ಕೂಗುತ್ತ ಹಿಂದೆ ಓಡಿದಳು. ಹುಡುಗಿ ನಿಂತದ್ದು ಮಠದ ಅಂಗಳದಲ್ಲೇ.

ಕೊಟ್ರಿ ಅಜ್ಜಯ್ಯನ ಕಾಲ ಬುಡದಲ್ಲಿ ಕುಂಡ ಇಟ್ಟಳು.

"ಅವಳು ಇದನ್ನ ಕೀಳ್ತಾಳಂತೆ. ಬೇಡ ಅಂತ ಹೇಳ್ರಿ."

ಹಾಲಮ್ಮ ಏದುಸಿರು ಬಿಡುತ್ತ ಬಂದಳು. "ಸತ್ತಿದೆ ಅಜ್ಜಯ್ಯ. ಸತ್ತದ್ದನ್ನ ನಡುವೆ ಇಟ್ಕೊಂಡು ಉಳಿದವು ಹೆಂಗೆ ಬದುಕ್ತಾವೆ?"

ಅಜ್ಜಯ್ಯ ಕುಂಡದ ಅಂಚಿನ ಮಣ್ಣು ಸರಿಸಿದ. ಹಂಚಿನ ಕೆಳಗಿಂದ ಬಂದ ಬೇರುಗಳು ಕಂಡವು, ಒಂದರೊಳಗೊಂದು ಹೆಣೆದುಕೊಂಡಿದ್ದವು.

"ಇದರಲ್ಲಿ ಸತ್ತಿದ್ದರ ಬೇರು ಯಾವುದು? ತೋರಿಸು."

ಹಾಲಮ್ಮ ಬಗ್ಗಿ ನೋಡಿದಳು. ಒಂದನ್ನು ಹಿಡಿದು ಹಿಂಬಾಲಿಸಿದಳು, ಅದು ಇನ್ನೊಂದರೊಳಗೆ ಮರೆಯಾಯಿತು. ಮತ್ತೊಂದನ್ನು ಹಿಡಿದಳು. ಅದೂ ಹಾಗೇ.

"ಗೊತ್ತಾಗಲ್ಲ ಅಜ್ಜಯ್ಯ."

"ಅದನ್ನ ಕಿತ್ತರೆ ಜೊತೆಗೆ ಏನೇನು ಬರುತ್ತೆ?"

ಹಾಲಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಜ್ಜಯ್ಯ ಒಣಗಿದ ಕಾಂಡದ ತುದಿಯನ್ನಷ್ಟೇ ಚಿವುಟಿ, ಮಣ್ಣು ಮತ್ತೆ ಮುಚ್ಚಿದ.

ಕೊಟ್ರಿ ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಇದು ಮತ್ತೆ ಚಿಗುರುತ್ತಾ ಅಜ್ಜಯ್ಯ?"

"ಇಲ್ಲ ಕೂಸೇ."

"ಎಷ್ಟು ನೀರು ಹಾಕಿದ್ರೂ?"

"ಎಷ್ಟು ಹಾಕಿದರೂ ಇಲ್ಲ. ಉಳಿದವು ಅದನ್ನ ತಬ್ಬಿಕೊಂಡು ಬೆಳೀತಾವೆ."

ಕೊಟ್ರಿಯ ಮುಖ ಸೊಟ್ಟಗಾಯಿತು. ಆಮೇಲೆ ಅವಳು ಅತ್ತಳು. ತಾಯಿ ಸತ್ತಾಗ ಅಳದಿದ್ದ ಹುಡುಗಿ, ಮೈಯೆಲ್ಲ ಅಲ್ಲಾಡುವಂತೆ ಅತ್ತಳು. ಹಾಲಮ್ಮ ಸುಮ್ಮನಿರು ಎನ್ನಲಿಲ್ಲ. ನಾನಿದ್ದೀನಲ್ಲ ಎಂದೂ ಎನ್ನಲಿಲ್ಲ. ಅಳು ನಿಲ್ಲುವ ತನಕ ಪಕ್ಕದಲ್ಲಿ ಕೂತಿದ್ದಳು. ಕೂತವಳಿಗೆ ತನ್ನ ಕಣ್ಣಲ್ಲೂ ನೀರು ಬಂದದ್ದು ಗಲ್ಲ ಒದ್ದೆಯಾದ ಮೇಲೆ ತಿಳಿಯಿತು.

ವಾಪಸು ಹೋಗುವಾಗ ಕುಂಡವನ್ನು ಇಬ್ಬರೂ ಆ ಕಡೆ ಈ ಕಡೆ ಹಿಡಿದುಕೊಂಡರು.

ಮನೆಗೆ ಬಂದ ಹಾಲಮ್ಮ ಏಣಿ ಹಾಕಿ ಅಟ್ಟ ಹತ್ತಿದಳು. ಕನ್ನಡಿ ಇಳಿಸಿದಳು. ಧೂಳು ಒರೆಸಿ ಕೊಟ್ರಿಯ ಕೈಗೆ ಕೊಟ್ಟಳು.

"ಮೊದಲು ಎಲ್ಲಿತ್ತು ಇದು?"

ಕೊಟ್ರಿ ನಡುಮನೆಯ ಕಂಬ ತೋರಿಸಿದಳು. ಅಲ್ಲಿ ಮೊಳೆ ಹಾಗೇ ಇತ್ತು. ಸಂಜೆ ಮನೆಗೆ ಬಂದ ಕೆಂಚಪ್ಪ ಕಂಬದ ಮುಂದೆ ನಿಂತ. ಕನ್ನಡಿ ನೋಡಿದ, ಹೆಂಡತಿಯನ್ನು ನೋಡಿದ. ಕನ್ನಡಿಯನ್ನು ಒಂಚೂರು ನೇರ ಮಾಡಿದ. ಕೈಕಾಲು ತೊಳೆಯಲು ಹೊರಗೆ ಹೋದ.

ಮಳೆ ಬಂದು ಹೋಯಿತು, ಚಳಿ ಬಂದು ಹೋಯಿತು, ಹೀಗೇ ಕೆಲವು ವರ್ಷ ಕಳೆದವು. ನಾರು ಸವೆದಾಗ ಇಬ್ಬರೂ ಸೇರಿ ಹಳೆಯದರ ಮೇಲೆಯೇ ಹೊಸದು ಸುತ್ತಿದರು. ಆಮೇಲಾಮೇಲೆ ಅದೂ ಮರೆತುಹೋಯಿತು. ಕೊಟ್ರಿ ಉದ್ದವಾದಳು. ಲಂಗದ ಅಂಚು ಬಿಚ್ಚಿ ಇಳಿಸಬೇಕಾಯಿತು.

ಒಂದು ಬೆಳಿಗ್ಗೆ ಹಾಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಿಂದ ಕೂಗು ಬಂತು.

"ಚಿಕ್ಕವ್ವಾ! ಬಾ ಇಲ್ಲಿ, ಬೇಗ ಬಾ!"

ಹಿಟ್ಟಿನ ಕೈಯಲ್ಲೇ ಓಡಿದಳು. ನಾರು ತಾನಾಗಿ ಕೊಳೆತು ಕಳಚಿ ಬಿದ್ದಿತ್ತು. ಒಳಗೆ ಒಂದೇ ಬೊಡ್ಡೆ, ಹಾಲಮ್ಮನ ಮುಂಗೈಯಷ್ಟು ದಪ್ಪ. ಹಳೆಯ ಹುರಿಯ ಗಾಯಗಳು ಗಂಟುಗಳಾಗಿದ್ದವು. ನಡುವೆ ಬೆರಳು ತೂರುವಷ್ಟು ಸಣ್ಣ ಪೊಟರೆ. ಸತ್ತ ಸಸಿ ಅದರೊಳಗೆ ನಿಂತಿತ್ತು, ಸುತ್ತಲಿನ ತೊಗಟೆ ಅದನ್ನು ತುಟಿಯಂತೆ ಮುಚ್ಚುತ್ತಿತ್ತು.

ಹಾಲಮ್ಮ ಅದನ್ನೇ ನೋಡುತ್ತ ಕೂತಳು. ಬಹಳ ಹೊತ್ತಿನ ಮೇಲೆ, ತನ್ನನ್ನು ಏನೆಂದು ಕರೆದಳು ಹುಡುಗಿ ಎಂಬುದು ಅವಳಿಗೆ ಹೊಳೆಯಿತು. ಅವ್ವ ಎಂದಿರಲಿಲ್ಲ. ಅದು ಕಡಿಮೆಯಾಯಿತೆಂದು ಅವಳಿಗೆ ಅನ್ನಿಸಲಿಲ್ಲ.

ಅಂದೇ ಇಬ್ಬರೂ ಕುಂಡ ಹೊತ್ತುಕೊಂಡು ಮಠಕ್ಕೆ ಬಂದರು. ಅಜ್ಜಯ್ಯ ಬೊಡ್ಡೆಯ ಮೇಲೆ ಹೆಬ್ಬೆರಳು ಆಡಿಸಿದ. ಕೊಟ್ರಿ ಹೊಳೆಯ ನೀರಿಗೆ ಕಲ್ಲು ಎಸೆಯಲು ಹೋದಳು.

ಅಜ್ಜಯ್ಯ ಒಳಗೆ ಹೋಗಿ ಒಂದು ಮಡಿಸಿದ ಕಾವಿ ಬಟ್ಟೆ ತಂದು ಹಾಲಮ್ಮನ ಮುಂದಿಟ್ಟ.

"ಮಾತು ಕೊಟ್ಟಿದ್ದೆ. ತಗೋ."

ಹಾಲಮ್ಮ ಬಟ್ಟೆ ನೋಡಿದಳು. ಮುಟ್ಟಲಿಲ್ಲ. ಹೊಳೆಯ ಕಡೆ ನೋಡಿದಳು. ಆಮೇಲೆ ಕುಂಡವನ್ನು ಮೆಲ್ಲಗೆ ತಿರುಗಿಸಿದಳು.

"ಇಲ್ಲಿ ನೋಡ್ರಿ ಅಜ್ಜಯ್ಯ. ಈ ಕಡೆ ಕೆಂಪು ಚಿಗುರು ಬಂದೈತೆ. ಆ ಕಡೆ ಹಳೇ ಎಲೇನೇ ಇನ್ನೂ ಉದುರಿಲ್ಲ. ಈ ಕೊಂಬೆ ಬೋಳು. ಒಂದೇ ಮರ ಆಗಿದ್ರೆ ಒಂದೇ ಸಲ ಚಿಗುರಬೇಕಿತ್ತಲ್ಲ?"

"ಅಂದರೆ?"

"ಇನ್ನೂ ಆಗಿಲ್ಲ ಇದು."

ಅಜ್ಜಯ್ಯ ಅವಳ ಮುಖ ನೋಡಿದ. "ಯಾವಾಗ ಆಗುತ್ತೆ ಅಂತೀಯ?"

"ಗೊತ್ತಿಲ್ಲ ಅಜ್ಜಯ್ಯ. ಕಾಯ್ತೀನಿ."

ದಂಡೆಯಿಂದ ಕೊಟ್ರಿ ಕೂಗಿದಳು, "ಚಿಕ್ಕವ್ವಾ, ಅಪ್ಪ ಉಣ್ಣದೆ ಕಾಯ್ತಿರ್ತಾನೆ!"

ಹಾಲಮ್ಮ ನಮಸ್ಕಾರ ಮಾಡಿ ಎದ್ದಳು. ಕುಂಡವನ್ನು ಸೊಂಟಕ್ಕೇರಿಸಿಕೊಂಡಳು. ಅಜ್ಜಯ್ಯ ಕಾವಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು, ಕುಂಡದ ಅಂಚಿಗೆ ಬಂದು ಒತ್ತುತ್ತಿದ್ದ ಬೇರುಗಳನ್ನು ಬಗ್ಗಿ ನೋಡಿದ.

"ಬೇರಿಗೆ ಜಾಗ ಸಾಲ್ತಿಲ್ಲ ಹಾಲಮ್ಮ. ನಾಳೆ ಬರುವಾಗ ಇದಕ್ಕಿಂತ ದೊಡ್ಡ ಕುಂಡ ತಗೊಂಡು ಬಾ."