ಮನೆಗೊಂದು ಗಡಿಗೆ

ಶಿಷ್ಯ ಕೇಳಿದ: "ಗುರುಗಳೇ, ಈ ವರ್ಷ ಮಠದ ದಾಸೋಹವನ್ನು ಅರ್ಧಕ್ಕೆ ಇಳಿಸಿದೆ. ಒಬ್ಬರೂ ಚಕಾರವೆತ್ತಲಿಲ್ಲ. ಹಾಗಾದರೆ ಇಷ್ಟು ಕಾಲ ನಾವು ಕೊಡುತ್ತಿದ್ದುದರಲ್ಲಿ ಅರ್ಧ ಹೆಚ್ಚೇ ಆಗಿತ್ತಲ್ಲವೇ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಕಡಲಂಚಿನಲ್ಲಿ ಉಪ್ಪು ತೆಗೆಯುವವರ ಒಂದು ಕೇರಿ ಇತ್ತು. ಬೇಸಿಗೆಯಲ್ಲಿ ಗಂಡಸರು ಉಪ್ಪಿನ ಗದ್ದೆಗೆ ಕಡಲ ನೀರು ಕಟ್ಟುವರು, ಹೆಂಗಸರು ಉಪ್ಪನ್ನು ಬಾಚಿ ಬುಟ್ಟಿಯಲ್ಲಿ ಹೊರುವರು. ಮಳೆ ಹಿಡಿದರೆ ಗದ್ದೆಗಳೆಲ್ಲ ಮುಳುಗಿ ಯಾರಿಗೂ ಕೆಲಸವಿರುತ್ತಿರಲಿಲ್ಲ. ಆ ಉಪ್ಪಿನಿಂದಲೇ ಸೀಮೆಯ ಬೊಕ್ಕಸ ತುಂಬುತ್ತಿತ್ತು. ಆದ್ದರಿಂದ ಮಳೆಗಾಲ ಕಳೆಯುವ ತನಕ ಅವರಿಗೆ ಗಂಜಿ ಹಾಕಬೇಕೆಂದು ಹಿಂದಿನ ಒಡೆಯನೊಬ್ಬ ಕಟ್ಟುಮಾಡಿದ್ದ. ಕೇರಿಯ ತುದಿಯಲ್ಲಿ ಗಂಜಿಮನೆ ಇತ್ತು. ಗಂಡು, ಹೆಣ್ಣು, ಮಗು ಎನ್ನದೆ ಎಲ್ಲರೂ ತಮ್ಮ ತಮ್ಮ ಬಟ್ಟಲು ಹಿಡಿದು ಹೋಗಿ ಹಾಕಿಸಿಕೊಂಡು ಬರುತ್ತಿದ್ದರು.

ಒಂದು ವರ್ಷ ಕೇರಿಯ ಆಡಳಿತ ನೋಡಿಕೊಳ್ಳಲು ಹೊಸ ಪಾರುಪತ್ಯಗಾರ ಬಂದ. ಕೆಟ್ಟವನಲ್ಲ, ಬಿಗಿಗೈಯವನು. "ಹೆಂಗಸರು ಮಕ್ಕಳು ಮಳೆಯಲ್ಲಿ ಹೀಗೆ ಸಾಲುಗಟ್ಟಿ ನಿಲ್ಲುವುದು ಚೆಂದವಲ್ಲ. ಇನ್ನು ಮನೆಗೊಂದು ಗಡಿಗೆ. ಯಜಮಾನ ಬಂದು ಒಯ್ಯಲಿ" ಎಂದ. ಗಡಿಗೆ ಎಷ್ಟು ದೊಡ್ಡದಿರಬೇಕೆಂದು ಅವನೇ ಗೊತ್ತುಮಾಡಿದ. ಹಿಂದೆ ಒಂದು ಮನೆಗೆ ಬರುತ್ತಿದ್ದುದರ ಅರ್ಧ ಮಾತ್ರ ಅದರಲ್ಲಿ ಹಿಡಿಯುತ್ತಿತ್ತು.

ಆ ಕೇರಿಯಲ್ಲಿ ಬೀರಮ್ಮ ಎಂಬವಳಿದ್ದಳು. ಅವಳಿಗೆ ಗಂಡ, ಒಬ್ಬ ಮಗ, ಸೋಮಿ ಎಂಬ ಪುಟ್ಟ ಮಗಳು. ಗಂಡ ಗಡಿಗೆ ತಂದಿಟ್ಟರೆ ಅವಳು ಮೊದಲು ಅವನಿಗೆ ಬಡಿಸುತ್ತಿದ್ದಳು, ಆಮೇಲೆ ಮಗನಿಗೆ, ಆಮೇಲೆ ಮಗಳಿಗೆ. ಅಗುಳೆಲ್ಲ ಅವರಿಗೆ ಹೋಗಿ ತಳದಲ್ಲಿ ಉಳಿದ ತಿಳಿಯನ್ನು ತಾನು ಕುಡಿಯುತ್ತಿದ್ದಳು. "ನಿನ್ನದು?" ಎಂದು ಗಂಡ ಕೇಳಿದರೆ "ನನ್ನದಾಯಿತು" ಎನ್ನುತ್ತಿದ್ದಳು. ಅವನು ನಂಬುತ್ತಿದ್ದ. ನಂಬುವುದು ಅವನಿಗೂ ಸುಲಭವಾಗಿತ್ತು.

ಪಕ್ಕದ ಗುಡಿಸಲಿನಲ್ಲಿ ಒಬ್ಬ ಮುದುಕಿ ಇದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಯಜಮಾನನಿಲ್ಲದ ಮನೆಗೆ ಗಡಿಗೆಯೂ ಇರಲಿಲ್ಲ. ಬೀರಮ್ಮ ತನ್ನ ತಿಳಿಯಲ್ಲೇ ಒಂದಿಷ್ಟು ಅವಳಿಗೆ ಕೊಡುತ್ತಿದ್ದಳು. ಮುದುಕಿ ಆ ಮಳೆಯಲ್ಲೇ ತೀರಿಕೊಂಡಳು. ಜ್ವರ ಎಂದರು.

ತನ್ನ ಏರ್ಪಾಟು ಹೇಗೆ ನಡೆದಿದೆಯೆಂದು ನೋಡಲು ಪಾರುಪತ್ಯಗಾರ ಒಂದು ದಿನ ಊಟದ ಹೊತ್ತಿಗೆ ಕೇರಿಗೆ ಬಂದ. ಮನೆಮನೆಯಲ್ಲೂ ಗಂಡಸರು ಉಣ್ಣುತ್ತಿದ್ದರು, ಮಕ್ಕಳು ಉಣ್ಣುತ್ತಿದ್ದರು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತಿದ್ದರು.

"ನಿನ್ನ ಊಟ ಏನಮ್ಮ?" ಎಂದು ಬೀರಮ್ಮನನ್ನು ಕೇಳಿದ.

"ನನ್ನದಾಯಿತು, ಒಡೆಯಾ."

ಎಲ್ಲ ಮನೆಗಳಲ್ಲೂ ಅದೇ ಮಾತು. ಅವನು ಸಮಾಧಾನದಿಂದ ಹಿಂದಿರುಗಿದ. ಉಳಿದರ್ಧ ಇಷ್ಟು ವರ್ಷ ದಂಡವಾಗುತ್ತಿತ್ತು ಎಂದುಕೊಂಡ. ಮರುವಾರ ಗಡಿಗೆಯನ್ನು ಇನ್ನೂ ಸ್ವಲ್ಪ ಕಿರಿದು ಮಾಡಿಸಿದ.

ಬೀರಮ್ಮನ ಮೈ ಹಗುರಾಗತೊಡಗಿತು. ಗದ್ದೆಯ ಏರಿಯ ಮೇಲೆ ನಡೆದರೆ ಕಾಲು ನೆಲಕ್ಕೆ ತಾಕುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನೀರೂ ಆಕಾಶವೂ ಒಂದೇ ಬಣ್ಣವಾಗಿ ತಾನು ಎರಡರ ನಡುವೆ ತೇಲುತ್ತಿರುವಂತೆ ಇತ್ತು. ಅದು ಹಿತವಾಗಿಯೂ ಇತ್ತು.

ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕುಳಿತವಳಿಗೆ ಹಾಗೇ ಕಣ್ಣು ಹತ್ತಿತು. ಕನಸಿನಲ್ಲಿ ಬೇಸಿಗೆ. ಉಪ್ಪಿನ ರಾಶಿಗಳ ಬಳಿ ಹೋಗಿ ನೋಡಿದರೆ ಉಪ್ಪಲ್ಲ, ಅನ್ನ. ಬೆಳ್ಳಗೆ ಹಬೆಯಾಡುತ್ತಿತ್ತು. ರಾಶಿಯ ಪಕ್ಕದಲ್ಲಿ ಎಂದೋ ಸತ್ತುಹೋದ ಅವಳ ತಾಯಿ ಖಾಲಿ ಬಟ್ಟಲು ಹಿಡಿದು ಕುಳಿತಿದ್ದಳು. "ಅವ್ವಾ, ಉಣ್ಣಲಿಲ್ಲವಾ?" ಎಂದು ಬೀರಮ್ಮ ಕೇಳಿದಳು. "ನನ್ನದಾಯಿತು ಮಗಾ" ಎಂದಳು ತಾಯಿ. ತಾಯಿಯ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಗುರುತೇ ಇಲ್ಲದ ಹೆಂಗಸರು. ಪಕ್ಕದ ಗುಡಿಸಲ ಮುದುಕಿಯೂ ಅಲ್ಲಿದ್ದಳು. ಸಾಲು ಕಡಲಿನ ತನಕ ಹೋಗಿತ್ತು. ಯಾರೂ ಅಳುತ್ತಿರಲಿಲ್ಲ. ಎಲ್ಲರೂ ನಗುಮುಖದಿಂದ ಅದೊಂದೇ ಮಾತು ಹೇಳುತ್ತಿದ್ದರು. ಅಲೆಯ ಸದ್ದಿನಂತೆ ಆ ಮಾತು ಬಂದು ಬಂದು ಹೋಗುತ್ತಿತ್ತು. ಸಾಲಿನಲ್ಲಿ ತಾಯಿಯ ಪಕ್ಕ ಒಂದು ಜಾಗ ಖಾಲಿ ಇತ್ತು. ಬೀರಮ್ಮ ಅಲ್ಲಿ ಕೂರಲು ಹೋದಳು.

ಅಷ್ಟರಲ್ಲಿ ನಿಜವಾದ ದನಿಯೊಂದು ಅವಳನ್ನು ಎಬ್ಬಿಸಿತು. ಗಡಿಗೆ ಬಂದಿತ್ತು. ತಾಯಿ ಮಲಗಿದ್ದಾಳೆಂದು ಸೋಮಿಯೇ ಅಪ್ಪನಿಗೂ ಅಣ್ಣನಿಗೂ ಬಡಿಸಿದ್ದಳು. ತಳದಲ್ಲಿ ತಿಳಿ ಮಾತ್ರ ಉಳಿದಿತ್ತು. "ನೀನು ಉಣ್ಣೇ" ಎಂದಿದ್ದ ಅಪ್ಪ. ಹುಡುಗಿ ಒಲೆಯ ಕಡೆ ತಿರುಗಿಕೊಂಡು, ದೊಡ್ಡವರು ಸೆರಗಿನಲ್ಲಿ ಮುಚ್ಚುವಂತೆ ತನ್ನ ಒಣಗಿದ ಬಟ್ಟಲನ್ನು ಲಂಗದಲ್ಲಿ ಮುಚ್ಚಿ, ಹೇಳಿದಳು: "ನನ್ನದಾಯಿತು."

ಆ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬೀರಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಎದ್ದಳು. ತನ್ನ ಬಟ್ಟಲನ್ನು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡು ಮಳೆಯಲ್ಲೇ ಗಂಜಿಮನೆಗೆ ನಡೆದಳು.

"ನಿಮ್ಮ ಮನೆಯದು ಆಗಲೇ ಹೋಯಿತಲ್ಲ" ಎಂದ ಬಡಿಸುವವನು.

"ಮನೆಗೆ ಹಸಿವಾಗುವುದಿಲ್ಲ ಅಣ್ಣಾ. ಹಸಿದಿರುವುದು ನಾನು, ಇವಳು. ನಮಗೆ ಹಾಕು."

ಅವನು ಹಾಕಲಿಲ್ಲ. ಅವಳು ಕದಲಲಿಲ್ಲ. ಪಾರುಪತ್ಯಗಾರನಿಗೆ ಸುದ್ದಿ ಹೋಯಿತು, ಅವನು ಬಂದ. ಅಷ್ಟರಲ್ಲಿ ಒಂದೊಂದೇ ಮನೆಯಿಂದ ಹೆಂಗಸರು ಹೊರಗೆ ಬಂದು ದೂರದಲ್ಲಿ ನಿಂತಿದ್ದರು.

"ಇದು ಒಡೆಯರ ದಯೆ ತಾಯಿ" ಎಂದ ಪಾರುಪತ್ಯಗಾರ. "ದಯೆಯನ್ನು ಹೀಗೇ ಕೊಡು, ಇಷ್ಟೇ ಕೊಡು ಎಂದು ಹಟ ಹಿಡಿಯುವುದುಂಟೇ?"

"ಬೇಸಿಗೆಯಲ್ಲಿ ಬುಟ್ಟಿ ಹೊರಿಸುವಾಗ ಮನೆಗೊಂದು ತಲೆ ಸಾಕು ಎಂದು ನೀವು ಹೇಳುವುದಿಲ್ಲ, ಒಡೆಯಾ. ಆಗ ನನ್ನ ತಲೆ ಬೇರೆ, ಗಂಡನ ತಲೆ ಬೇರೆ. ಮಳೆ ಬಂದ ಕೂಡಲೆ ನನ್ನ ಹೊಟ್ಟೆ ಅವನ ಹೊಟ್ಟೆಯೊಳಗೆ ಹೋಗಿ ಸೇರುತ್ತದೆಯೇ?"

ಅವಳ ಗಂಡ ಹಿಂದೆಯೇ ಬಂದವನು ಎಲ್ಲ ಕೇಳುತ್ತ ನಿಂತಿದ್ದ. ಬಟ್ಟಲು ಹಿಡಿದು ಮುಂದೆ ಚಾಚಿದ್ದ ಅವಳ ಕೈಯನ್ನು ಬೆಳಕಿನಲ್ಲಿ ನೋಡಿದ. ಬಳೆಗಳು ಮೊಣಕೈಯ ತನಕ ಜಾರಿದ್ದವು. ಅವನು ಮನೆಗೆ ಹೋಗಿ, ಆ ಹೊತ್ತಿನ ಗಂಜಿ ಇನ್ನೂ ಉಳಿದಿದ್ದ ತನ್ನ ಬಟ್ಟಲನ್ನು ತಂದು ಮಗಳ ಕೈಗೆ ಕೊಟ್ಟ. ಆಮೇಲೆ ಹೆಂಡತಿಯ ಹಿಂದೆ ಸಾಲಿನಲ್ಲಿ ನಿಂತ. ದೂರದಲ್ಲಿದ್ದ ಹೆಂಗಸರೂ ಹತ್ತಿರ ಬಂದರು.

ಪಾರುಪತ್ಯಗಾರ ಒಪ್ಪಿದ. ಮೊದಲಿನಂತೆ ಅವರವರ ಬಟ್ಟಲಿಗೆ ಹಾಕಿರಿ ಎಂದ. ಆದರೆ ಅಕ್ಕಿಯನ್ನು ಒಂದು ಹಿಡಿಯೂ ಹೆಚ್ಚಿಸಲಿಲ್ಲ. ಇದ್ದುದನ್ನೇ ಎಲ್ಲರಿಗೂ ಸಮನಾಗಿ ಹಂಚಿದರು. ಮರುದಿನ ಕೇರಿಯ ಗಂಡಸರು ತಮ್ಮ ಬಟ್ಟಲು ನೋಡಿಕೊಂಡರೆ ನೀರಿನಡಿಯಲ್ಲಿ ತಳ ಕಾಣುತ್ತಿತ್ತು.

ಮುಂದಿನ ವಾರ ಪಾರುಪತ್ಯಗಾರನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಗಂಜಿಯಲ್ಲಿ ಬದುಕುವುದು ಹೇಗೆ ಎಂದು ಗಂಡಸರೆಲ್ಲ ಕೂಗಿದರು. ಕೂಗು ಒಡೆಯನ ತನಕ ಹೋಯಿತು. ಮಳೆ ನಿಲ್ಲುವ ಮೊದಲೇ ಹಳೆಯ ಅಳತೆ ಮರಳಿ ಬಂತು. ಬೀರಮ್ಮ ಚೇತರಿಸಿಕೊಂಡಳು. ಪಕ್ಕದ ಗುಡಿಸಲು ಮಾತ್ರ ಆ ಮಳೆಗೆ ಬಿದ್ದುಹೋಯಿತು.

ಗುರುಗಳು ಕತೆ ನಿಲ್ಲಿಸಿದರು.

"ಅಂತೂ ಪಾರುಪತ್ಯಗಾರನ ಕಣ್ಣು ತೆರೆಯಿತು. ಪಾಪ, ಅವನಿಗೆ ಮೊದಲೇ ಯಾರಾದರೂ ಹೇಳಬಹುದಿತ್ತು" ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಕೇಳಿದರು: "ಒಬ್ಬರೂ ಚಕಾರವೆತ್ತಲಿಲ್ಲ ಎಂದೆಯಲ್ಲ, ನೀನು ಕೇಳಿದ್ದು ಯಾರನ್ನು?"