ನೊರೆಗಲ್ಲಿನ ಹವಳಬ್ಬೆಯೂ ಹೆರಿಯನ ಪಾರೆಯೂ

ಜಮದಗ್ನಿಸುತನಾದ ಭಾರ್ಗವರಾಮನು ಸಹ್ಯಾದ್ರಿಯ ಶಿಖರದಲ್ಲಿ ನಿಂತು, ಇಪ್ಪತ್ತೊಂದು ಸಲ ನೆತ್ತರಲ್ಲಿ ಮಿಂದ ತನ್ನ ಕೊಡಲಿಯನ್ನು ಬೀಸಿ ಎಸೆದು, ಸಮುದ್ರರಾಜನನ್ನು ಹಿಂದಕ್ಕಟ್ಟಿ ಈ ಕರಾವಳಿಯ ನೆಲವನ್ನು ಪಡೆದ ಕಥೆಯನ್ನು ಅರಿಯದ ಆಸ್ತಿಕರಿಲ್ಲ. ಆದರೆ ಹಾಗೆ ಅಟ್ಟಿಸಿಕೊಂಡ ಕಡಲು ಮನಸ್ಸಿನಲ್ಲಿ ಏನೆಂದುಕೊಂಡಿತು ಎಂದು ವಿಚಾರಿಸಿದವರನ್ನು ನಾವು ಕಂಡಿಲ್ಲ. ಕಿತ್ತುಕೊಂಡವನು ಮರೆತಾನು, ಕಳೆದುಕೊಂಡವನು ಮರೆಯಲಾರನು. ಒಂದು ಕಾಲಕ್ಕೆ ತನ್ನ ಮೀನುಗಳು ಮೇದಾಡಿದ ನೆಲದ ಮೇಲೆ ಮನುಷ್ಯರು ತೆಂಗು ನೆಟ್ಟು, ಒಲೆ ಹೂಡಿ, ತೊಟ್ಟಿಲು ಕಟ್ಟಿಕೊಂಡು ಸುಖವಾಗಿರುವುದನ್ನು ವರುಣನು ದಿನಕ್ಕೆರಡು ಸಲ ಭರತದೊಡನೆ ಬಂದು ಇಣುಕಿ ನೋಡಿ, ಹಲ್ಲು ಕಚ್ಚಿಕೊಂಡು ಇಳಿತದೊಡನೆ ಮರಳುತ್ತಿದ್ದನು.

ಆ ಕೋಪಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿದ್ದ ತುತ್ತು ನಮ್ಮ ನೊರೆಗಲ್ಲು ದ್ವೀಪ. ಸುತ್ತ ನೀರು, ನಡುವೆ ಮುಷ್ಟಿಯಷ್ಟು ಮಣ್ಣು. ಒಂದೇ ಅಲೆ ಸಾಕು. ಅಂತಹ ಸಮಯದಲ್ಲಿ ಜಗಜ್ಜನನಿಯಾದ ಶ್ರೀ ಪ್ರವಾಳಾಂಬಿಕೆಯು, ಜನರ ಬಾಯಲ್ಲಿ ಹವಳಬ್ಬೆ ಎನಿಸಿಕೊಂಡವಳು, ಮಕ್ಕಳ ಮೇಲಿನ ಕರುಣೆಯಿಂದ ದ್ವೀಪದ ಪಶ್ಚಿಮಕ್ಕೆ ನೀರಿನಡಿಯಲ್ಲಿ ಉದ್ದಕ್ಕೆ ಮೈಚಾಚಿ ಮಲಗಿದಳು. ಅವಳ ಮೈಯೇ ಹವಳದ ಪಾರೆಯಾಯಿತು, ಬಿಚ್ಚಿದ ಮುಡಿಯೇ ಪಾರೆಯ ಈಚೆಗಿನ ಕಡಲಹುಲ್ಲಾಯಿತು. ಮಲಗಿದ ತಾಯಿಯನ್ನು ದಾಟುವುದು ದೇವತೆಗಳಿಗೂ ನಿಷಿದ್ಧ. ಆಕೆಯ ಮೈ ಒಡೆಯದೆ ಇರುವ ತನಕ ಈಚೆಗೆ ಬಾರೆನೆಂದು ವರುಣನು ಒಪ್ಪಿಕೊಂಡನು. ಒಪ್ಪಿ ಹೊರಟುಹೋದನೆಂದು ತಿಳಿಯಬೇಡಿ. ಪಾರೆಯ ಆಚೆ ಮಗ್ಗುಲಲ್ಲಿ ಕಾಯುತ್ತ ಕುಳಿತನು, ಇಂದಿಗೂ ಅಲ್ಲಿಯೇ ಕುಳಿತಿದ್ದಾನೆ.

ಹೀಗೆ ಎಷ್ಟೋ ತಲೆಮಾರುಗಳು ಸಂದವು. ದ್ವೀಪದ ಮೊಗವೀರರು ಪಾರೆಯ ಈಚೆಗಿನ ತಿಳಿನೀರಿನಲ್ಲಿ ಬಲೆ ಬೀಸಿ, ಹುಲ್ಲಿನ ಮರೆಯಲ್ಲಿ ಕೊಬ್ಬಿದ ಮೀನು ತಿಂದು, ಹೊಟ್ಟೆ ತುಂಬಿದವರಿಗೆ ಬರುವ ಚಿಂತೆಗಳನ್ನು ಚಿಂತಿಸತೊಡಗಿದರು. ಅವುಗಳಲ್ಲಿ ಮೊದಲನೆಯದು, ಆಚೆ ದಡದ ಊರುಗಳಲ್ಲಿ ದೇವರಿಗೆಲ್ಲ ಬೆಳ್ಳಗಿನ ಗುಡಿಗಳಿರುವಾಗ ನಮ್ಮ ಅಬ್ಬೆಗೆ ತಲೆಯ ಮೇಲೊಂದು ಮಾಡೂ ಇಲ್ಲವಲ್ಲ ಎಂಬುದು. ಪೇಟೆಗೆ ಮೀನು ಮಾರಲು ಹೋದಾಗ ಅಲ್ಲಿನವರು ‘ನಿಮ್ಮ ದೇವರು ಮಳೆಗೆ ನೆನೆಯುತ್ತಾಳಂತೆ’ ಎಂದು ನಕ್ಕದ್ದು ಗುರಿಕಾರ ಮಾಸ್ತಿಯ ಎದೆಗೆ ನಾಟಿತ್ತು. ಗುರಿಕಾರನೆಂದರೆ ಕುಲದ ಯಜಮಾನ, ಅವನ ಮಾತಿಗೆ ಎದುರಿಲ್ಲ. ದೂರದ ದಡದಿಂದಲೂ ಹೊಳೆದು ಕಾಣುವಂತಹ ಗುಡಿಯನ್ನು ಕಟ್ಟಿಸುವೆನೆಂದು ಅವನು ಸಂಕಲ್ಪ ಮಾಡಿದನು. ಗೋಡೆಗೆ ಮುರಕಲ್ಲು ದ್ವೀಪದಲ್ಲೇ ಸಿಕ್ಕಿತು. ಸುಣ್ಣ ಸಿಗಲಿಲ್ಲ. ಆಗ ಯಾರಿಗೋ ಹೊಳೆಯಿತು: ನೀರಿನಡಿಯ ಬಿಳಿಗಲ್ಲನ್ನು ಒಡೆದು ಭಟ್ಟಿಯಲ್ಲಿ ಸುಟ್ಟರೆ ಹಾಲಿನಂಥ ಸುಣ್ಣ ಬರುತ್ತದೆ. ತಾಯಿಯನ್ನು ಪೂಜಿಸುವ ಮನೆಗೆ ತಾಯಿಯ ಮೂಳೆಯನ್ನೇ ಸುಡಲು ಹೊರಟಿದ್ದೇವೆಂಬುದು ಭಕ್ತಿಯ ಭರದಲ್ಲಿದ್ದ ಆ ಜನಕ್ಕೆ ತೋಚಲಿಲ್ಲ. ಭಕ್ತಿಯಷ್ಟು ಕುರುಡು ಬೇರೊಂದಿಲ್ಲ. ನಮ್ಮ ಹಿರಿಯರ ತಪ್ಪನ್ನು ನಾವೇ ಹೇಳಿಕೊಳ್ಳಲು ನಾಚಿಕೆಯೇನು?

ಒಡೆಯುವ ಕೆಲಸ ಹೆರಿಯನೆಂಬವನ ಪಾಲಿಗೆ ಬಂತು. ದ್ವೀಪದ ಮುಳುಗುಗಾರರಲ್ಲಿ ಅವನೇ ಶ್ರೇಷ್ಠ. ಅವನು ನೀರಿಗಿಳಿದರೆ ದಡದಲ್ಲಿದ್ದವರು ಎಲೆಯಡಿಕೆ ಹಾಕಿ ಜಗಿದು ಉಗುಳಿದ ಮೇಲೆ ಮೇಲೇಳುತ್ತಿದ್ದನು. ಅವನ ಹೆಂಡತಿ ಅಕ್ಕಣಿ, ಮದುವೆಯಾಗಿ ಎರಡು ವರ್ಷವಾಗಿದ್ದ ಹೆಣ್ಣು, ಗುರಿಕಾರನ ಅಂಗಳದಲ್ಲಿ ಎಲ್ಲರ ಎದುರೇ ಬಾಯಿಬಿಟ್ಟಳು:

“ಅದ್ ಕಲ್ಲಲ್ಲ, ಜೀವ ಇತ್ತ್ ಅದ್ರಲ್ಲಿ. ಮರಿಮೀನ್ ಎಲ್ಲ ಅದ್ರ ಹೊಟ್ಟಿಯೊಳ್ಗೇ ಬೆಳಿತ್ತ್.”

“ದೇವ್ರ್ ಕೆಲ್ಸ ಮಾರಾಯ್ತಿ, ದೋಷ ಎಲ್ಲಿಂದ ಬತ್ತ್?” ಎಂದು ಗುರಿಕಾರನು ನಕ್ಕನು, ಉಳಿದವರೂ ನಕ್ಕರು.

ಹೆರಿಯನು ಹಾರೆಯೊಡನೆ ಮುಳುಗಿ ಮೊದಲ ಪೆಟ್ಟು ಹಾಕಿದಾಗ ನೀರು ಕೆಂಪಾಯಿತು. ಕೈಗೆ ಗಾಯವಾಯಿತೆಂದುಕೊಂಡು ಮೇಲೆದ್ದು ನೋಡಿದನು; ಗಾಯವಿರಲಿಲ್ಲ. ಯಾರಿಗೂ ಹೇಳದೆ ಮತ್ತೆ ಮುಳುಗಿದನು. ದೋಣಿಗಳಿಗೆ ದಾರಿಯಾಗಲೆಂದು ಹೆಂಗಸರೂ ಗಂಡಸರೂ ಸೇರಿ ಕಡಲಹುಲ್ಲನ್ನು ಬೇರುಸಹಿತ ಕಿತ್ತು ರಾಶಿ ಹಾಕಿದರು. ಭಟ್ಟಿ ಹೊತ್ತಿತು, ಸುಣ್ಣ ಬಂತು, ಗೋಡೆಗಳು ಬೆಳ್ಳಗಾದವು, ಊರೆಲ್ಲ ಹಿಗ್ಗಿತು.

ಆದರೆ ಮೊದಲನೆಯ ಭಟ್ಟಿ ಆರುವ ಹೊತ್ತಿಗೆ ತೀರದ ತೆಂಗಿನ ಮೊದಲ ಸಾಲಿನ ಬುಡಕ್ಕೆ ನೊರೆ ತಾಗಿತ್ತು. ಎರಡನೆಯ ಭಟ್ಟಿಗೆ ಆ ಸಾಲು ಮಗುಚಿತು. ಮೂರನೆಯದಕ್ಕೆ ಎರಡನೆಯ ಸಾಲು. ಹುಲ್ಲಿದ್ದಲ್ಲಿ ಬರಿ ಕೆಸರು ಕದಡಿ, ಬಲೆಗೆ ಮೀನಿನ ಬದಲು ಅಂಟು ನೊರೆ ಬರತೊಡಗಿತು. ಪಾರೆಯ ಮೇಲೆ ಹಗಲಿರುಳು ಕೇಳುತ್ತಿದ್ದ ಅಲೆಯ ಮೊರೆತವು ಒಡೆದ ಜಾಗದಲ್ಲಿ ನಿಂತುಹೋಗಿ, ಅಲ್ಲಿ ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಆ ಸದ್ದಿಲ್ಲದಿರುವುದಕ್ಕೇ ಜನ ಹೆದರಿದರು. ಆದರೂ ಗುಡಿ ಮುಗಿದರೆ ಅಬ್ಬೆ ಎಲ್ಲವನ್ನೂ ಸರಿಮಾಡುವಳೆಂದು ಗುರಿಕಾರನು ಭಟ್ಟಿಗೆ ಮತ್ತಷ್ಟು ಕಲ್ಲು ತರಿಸಿದನು.

ಹೆರಿಯನು ಈ ನಡುವೆ ಬಲಗೈಗೆ ಪಂಚೆಯ ತುಂಡು ಸುತ್ತಿಕೊಂಡು ತಿರುಗತೊಡಗಿದ್ದನು. ಅಕ್ಕಣಿ ಕೇಳಿದರೆ “ಎಂತ ಇಲ್ಲ ಹೆಣೆ, ಉಪ್ಪ್ ನೀರಿಗೆ ಹಾಂಗಾಯ್ತ್” ಎನ್ನುವನು. ಒಂದು ಮಧ್ಯಾಹ್ನ ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿಯ ಮಡಕೆಯನ್ನು ಅವನು ಆ ಬಲಗೈಯಿಂದಲೇ ಎತ್ತಿ ಕೆಳಗಿಟ್ಟನು. ಕೂಗಲಿಲ್ಲ, ಕೈ ಒದರಲಿಲ್ಲ. ಅಕ್ಕಣಿ ಬಟ್ಟೆ ಬಿಚ್ಚಿ ನೋಡಿದಳು. ಬೆರಳುಗಳ ತುದಿಯಿಂದ ಮೊಣಕೈಯ ತನಕ ಬೆಳ್ಳಗೆ, ಸಣ್ಣ ಸಣ್ಣ ತೂತುಗಳು ತುಂಬಿದ ಕಲ್ಲು. ಬಲೆ ಹೆಣೆಯುವ ಸೂಜಿಯಿಂದ ಚುಚ್ಚಿದರೆ ಟಕ್ಕೆಂದಿತು. ಆ ದಿನದಿಂದ ಅವಳು ಪ್ರತಿದಿನ ಬೆಳಿಗ್ಗೆ ದಾರದಿಂದ ಅಳೆದಳು. ಪ್ರತಿದಿನವೂ ಅದು ಒಂದು ಬೆರಳಗಲ ಮೇಲೇರಿತ್ತು. ಹೇಳಿದರೆ ದೋಷ ಹತ್ತಿದವನೆಂದು ಜನ ಗಂಡನನ್ನು ದ್ವೀಪದಿಂದ ಹೊರಗಟ್ಟುವರೆಂಬ ಅಂಜಿಕೆಯಿಂದ ಅವಳೂ ಬಾಯಿ ಮುಚ್ಚಿಕೊಂಡಳು. ಪಾಪ, ಅವಳು ಮಾಡಬಹುದಾದದ್ದಾದರೂ ಏನಿತ್ತು?

ಮಾಘ ಹುಣ್ಣಿಮೆಯ ಗೋಧೂಳಿ ಲಗ್ನದಲ್ಲಿ ಪ್ರತಿಷ್ಠೆ ಎಂದು ನಿಶ್ಚಯವಾಗಿತ್ತು. ಜನವೆಲ್ಲ ಗುಡಿಯ ಮುಂದೆ ಕೈಮುಗಿದು ನಿಂತಿರಲು, ಕಡಲು ಒಮ್ಮೆಗೇ ಹಿಂದಕ್ಕೆ ಸರಿಯಿತು. ಇಳಿತವಲ್ಲ ಅದು, ನೆಗೆಯುವ ಮುನ್ನ ಹಿಂದಕ್ಕಾಗುವವನ ಹೆಜ್ಜೆ. ಯಾರೂ ಎಂದೂ ಪೂರ್ತಿ ಕಾಣದ ಪಾರೆ ಅಡಿಯಿಂದ ಮುಡಿಯ ತನಕ ಬಯಲಾಯಿತು. ಅದರ ನಡುವೆ, ಹತ್ತಾಳು ಅಡ್ಡಲಾಗಿ ನಡೆಯುವಷ್ಟು ಅಗಲಕ್ಕೆ ಹಸಿಗಾಯದಂತೆ ಬಾಯಿಬಿಟ್ಟ ಬಿರುಕು. ಬಿರುಕಿನ ಆಚೆಗೆ ತೆಂಗಿನ ಮರದೆತ್ತರಕ್ಕೆ ಕಪ್ಪಗೆ ಅಲುಗಾಡದೆ ನಿಂತ ನೀರು. ಹಿಂದಿರುಗಿ ನೋಡಿದರೆ ಗುಡಿಯ ಬೆಳ್ಳನೆಯ ಗೋಡೆಗಳಿಂದ ಕೆಂಪು ಇಳಿಯುತ್ತಿತ್ತು. ತಾಯಂದಿರು ಮಕ್ಕಳನ್ನು ಅವಚಿಕೊಂಡರು. ಆಗ ನೀರೂ ನೆಲವೂ ನಡುಗುವಂತೆ ಅಶರೀರವಾಣಿಯಾಯಿತು:

“ಎಲೈ ಮಕ್ಕಳಿರಾ, ನನಗೆ ಮನೆಯನ್ನು ಬೇಡಿದವಳು ನಾನಲ್ಲ. ನೀವು ಒಡೆದದ್ದು ನನ್ನ ಮೈಯನ್ನು, ಕಿತ್ತದ್ದು ನನ್ನ ಮುಡಿಯನ್ನು, ಸುಟ್ಟದ್ದು ನನ್ನ ಮೂಳೆಯನ್ನು. ಗಾಯವಿರುವಲ್ಲಿ ನಾನು ಕಡಲನ್ನು ತಡೆಯಲಾರೆ. ಹಾರೆ ಹಿಡಿದ ಕೈ ಆಗಲೇ ನನ್ನದಾಗಿದೆ. ಆ ಕೈಯವನು ತಾನಾಗಿ ಬಂದು ನನ್ನ ಗಾಯದಲ್ಲಿ ಮಲಗಿದರೆ ಕಡಲು ನಿಂತೀತು. ಅವನಿಗೆ ಸಾವಿಲ್ಲ. ಆದರೆ ನನ್ನ ಮೈಗೆ ಮತ್ತೆ ಕಬ್ಬಿಣ ತಾಗಿದ ದಿನ ಅವನು ಎದ್ದು ತನ್ನ ಮನೆಗೆ ನಡೆದು ಬರುವನು. ಅವನ ಬೆನ್ನ ಹಿಂದೆಯೇ ಕಡಲೂ ಬರುವುದು.”

ಹೆರಿಯನು ಕೈಯ ಬಟ್ಟೆ ಬಿಚ್ಚಿ ಎಸೆದು ನಡೆಯತೊಡಗಿದನು. ಆ ಹೊತ್ತಿಗೆ ಕಲ್ಲು ಅವನ ಹೆಗಲಿಗೇರಿತ್ತು. ಅಕ್ಕಣಿ ಅಡ್ಡಬಿದ್ದು ಕಾಲು ಹಿಡಿದಳು. ಇಷ್ಟು ಜನರಲ್ಲಿ ನೀವೊಬ್ಬರೇ ಏಕೆ ಎಂದು ಗೋಳಾಡಿದಳು. ಉಳಿದ ಜನರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ, ಏಕೆಂದರೆ ಅವನು ಹೋಗಲೆಂದೇ ಎಲ್ಲರೂ ಮನಸ್ಸಿನಲ್ಲಿ ಬೇಡುತ್ತಿದ್ದರು. “ಹೆದರ್ಬೇಡ ಹೆಣೆ” ಎಂದಷ್ಟೇ ಹೇಳಿ ಅವನು ಬಿರುಕಿನಲ್ಲಿ ಮಲಗಿದನು. ಕಲ್ಲು ಅವನ ಮೈಯೆಲ್ಲ ಹಬ್ಬಿ ಬಿರುಕಿನಗಲಕ್ಕೂ ಬೆಳೆಯಿತು. ಕಡಲು ನುಗ್ಗಿ ಬಂದು, ಅವನ ಪಕ್ಕೆಗೆ ಅಪ್ಪಳಿಸಿ, ಆಕಾಶಕ್ಕೆ ಚಿಮ್ಮಿ ನಿಂತಿತು. ಪಾರೆಯ ಮೊರೆತ ಮತ್ತೆ ಕೇಳಿಸಿತು.

ಮರುದಿನವೇ ಗುಡಿಯನ್ನು ಕೆಡವಿದರು. ಆದರೆ ಊರಿನ ಭಯ ಕೆಡವಿದಷ್ಟಕ್ಕೆ ಹೋಗಲಿಲ್ಲ. ಅದು ಅಕ್ಕಣಿಯ ಕಡೆಗೆ ತಿರುಗಿತು. ದ್ವೀಪದಲ್ಲಿ ಪಾರೆಯನ್ನು ಒಡೆಯಲು ಕಾರಣವಿದ್ದವಳು ಅವಳೊಬ್ಬಳೇ. ಒಂದು ಪೆಟ್ಟು ಹಾಕಿದರೆ ಸಾಕು, ಗಂಡ ಮನೆಗೆ ಬರುತ್ತಾನೆ! ಜನರು ಕತ್ತಿ, ಕೊಕ್ಕೆ, ಲಂಗರು ಎಲ್ಲವನ್ನೂ ಬಚ್ಚಿಟ್ಟರು. ಅವಳ ಬಾಗಿಲಿಗೆ ದಿನಕ್ಕೊಂದು ಮನೆಯವರಂತೆ ಸರದಿಯ ಕಾವಲು ಕೂತರು. ಅವಳು ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಅದನ್ನು ಕಂಡು ಜನ ಇನ್ನಷ್ಟು ಬೆದರಿದರು. ಒಂದು ವರ್ಷ ಅವಳೊಡನೆ ಯಾರೂ ಮನಸ್ಸುಬಿಚ್ಚಿ ಮಾತಾಡಲಿಲ್ಲ.

ಮರುವರ್ಷದ ಮಾಘ ಹುಣ್ಣಿಮೆಯ ಸಂಜೆ, ಕಾವಲಿನವರ ಕಣ್ಣು ತಪ್ಪಿಸಿ, ಒಲೆಯ ಬೂದಿಯಡಿಯಲ್ಲಿ ಹುಗಿದಿಟ್ಟಿದ್ದ ಗಂಡನ ಹಾರೆಯನ್ನು ತೆಗೆದುಕೊಂಡು ಅವಳು ದೋಣಿ ನೂಕಿದಳು. ಊರೆಲ್ಲ ದಡಕ್ಕೆ ಓಡಿಬಂದಿತು. ಬೆನ್ನಟ್ಟಿದರೆ ಎಲ್ಲಿ ಹೊಡೆದೇಬಿಡುವಳೋ ಎಂದು ಒಬ್ಬರೂ ದೋಣಿ ಇಳಿಸಲಿಲ್ಲ. ಇಳಿದ ನೀರಿನಲ್ಲಿ ಪಾರೆಯ ನೆತ್ತಿ ಕಾಣುತ್ತಿತ್ತು. ಅವಳು ಅದರ ಮೇಲೆ ನಿಂತು ಹಾರೆ ಎತ್ತಿದಳು. ಬಾಗಿ ನೋಡಿದಳು. ಮಲಗಿದವನ ತೋಳಿನ ಮಡಿಲಲ್ಲಿ ಉಗುರಿನಷ್ಟು ಮರಿಮೀನುಗಳು ಹಿಂಡುಗಟ್ಟಿದ್ದವು. ಬದಿಯ ಕೆಸರಿನಲ್ಲಿ ಹುಲ್ಲು ಮತ್ತೆ ಚಿಗುರಿತ್ತು. ಹಾರೆಯನ್ನು ಹಾಗೆಯೇ ಎತ್ತಿ ಹಿಡಿದು, ಮನೆಯಂಗಳದಲ್ಲಿ ನಿಂತು ದಿನವೂ ಕರೆಯುತ್ತಿದ್ದಂತೆ ಕರೆದಳು:

“ಹ್ವಾಯ್, ಗಂಜಿ ಬಡ್ಸಿದೆ, ಬನ್ನಿ!”

ಅವನು ಓಗೊಟ್ಟಿದ್ದರೆ ಹೊಡೆಯುತ್ತಿದ್ದೆನೆಂದು ಆಮೇಲೆ ಅವಳೇ ಹೇಳಿದಳಂತೆ. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅವನು ಓಗೊಡಲಿಲ್ಲ. ನೀರು ಮೊಣಕಾಲಿಗೆ ಬರುವ ತನಕ ಕಾದಳು, ಮತ್ತೆ ದೋಣಿಗೆ ಹತ್ತಿದಳು. ದಡಕ್ಕೆ ಬಂದು ಹಾರೆಯನ್ನು ಗುರಿಕಾರನ ಕಾಲ ಬಳಿ ಒಗೆದು ಅಂದಳು:

“ನನ್ನ ಕಾವ್ದ್ ಎಂತಕೆ? ಕಬ್ಣ ಹಿಡ್ಕಂಡ್ ನಾಳೆ ಬಪ್ಪುದ್ ನಾನಲ್ಲ, ಮತ್ತೊಬ್ಬ. ಅಬ್ಬೆ ಕಾವಲಿಗೆ ಕೂಕಣಿ.”

ಅಂದು ಅವಳ ಬಾಗಿಲಿನಿಂದ ಎದ್ದ ಸರದಿಯ ಕಾವಲು ಪಾರೆಗೆ ಹೋಯಿತು, ಇಂದಿಗೂ ನಡೆದಿದೆ. ದಿನಕ್ಕೊಂದು ಮನೆ, ಮನೆಗೊಂದು ದೋಣಿ. ಪಾರೆಯ ಸುತ್ತ ತೇಲುವ ಬಿದಿರಿನ ಗಡಿಯನ್ನು ಕಾಯುವುದು, ಅದರೊಳಗೆ ಲಂಗರು ಬೀಳದಂತೆ, ಬಲೆ ಎಳೆಯದಂತೆ, ಹುಲ್ಲಿನ ಒಂದು ಎಸಳೂ ಕೀಳದಂತೆ ನೋಡಿಕೊಳ್ಳುವುದು ಅವರ ಸೇವೆ. ದೊಡ್ಡ ಟ್ರಾಲ್ ಬೋಟುಗಳು ಗಡಿಯ ಹತ್ತಿರ ಸುಳಿದರೆ ಹೆಂಗಸರೂ ದೋಣಿಯೇರಿ ಅಡ್ಡನಿಲ್ಲುತ್ತಾರೆ. ಗೋಪುರವೆಲ್ಲಿ ಎಂದು ಕೇಳುವ ಭಕ್ತರಿಗೆ ನಾವು ತೋರಿಸುವುದು ಆಮೇಲೆ ಪೇರಿಸಿದ, ಮೇಲೆ ಮಾಡಿಲ್ಲದ, ಗಿಲಾವು ಕಾಣದ ಮುರಕಲ್ಲಿನ ನಾಲ್ಕು ಗೋಡೆಗಳನ್ನು, ಅವುಗಳ ನಡುವಿನ ಅಬ್ಬೆಯ ಕಲ್ಲನ್ನು. ನೊರೆಗಲ್ಲಿನಲ್ಲಿ ಸುಣ್ಣವನ್ನು ಯಾರೂ ಮುಟ್ಟುವುದಿಲ್ಲ. ಎಲೆಯಡಿಕೆಯನ್ನೂ ಬರಿದೇ ಜಗಿಯುತ್ತೇವೆ. ಹೆರಿಯನ ಪಾರೆಯನ್ನು ಮಾಘ ಹುಣ್ಣಿಮೆಯ ಇಳಿತದಲ್ಲಿ ದೋಣಿಯಿಂದಲೇ ದರ್ಶನ ಮಾಡಬಹುದು. ಬಲಗೈ ಸ್ಪಷ್ಟವಾಗಿ ಕಾಣುತ್ತದೆ.

ಅಂದಿನ ಸಂಜೆ ನಡೆಯುವ ‘ಕರೆಯುವ ಸೇವೆ’ಯೇ ಕ್ಷೇತ್ರದ ಮಹೋತ್ಸವ. ಅಕ್ಕಣಿಯ ಬಳಿಗೆ, ಎಂದರೆ ತಾಯಿಕುಲಕ್ಕೆ, ಸೇರಿದ ಹಿರಿಯ ಹೆಂಗಸು, ಈಗ ಪದ್ದಕ್ಕ ಮೊಗವೀರ್ತಿಯವರು, ಮೊದಲ ದೋಣಿಯಲ್ಲಿ ನಿಂತು ಅದೇ ಮಾತಿನಿಂದ ಮೂರು ಸಲ ಕರೆಯುತ್ತಾರೆ. ಪ್ರತಿ ಕರೆಯ ನಂತರ ದೋಣಿಗಳೆಲ್ಲ ಉಸಿರು ಬಿಗಿಹಿಡಿದು ಕಾಯುತ್ತವೆ. ಉತ್ತರ ಬಾರದಿದ್ದರೆ ಅದೇ ಪ್ರಸಾದ. ಜನರು ಅಳುತ್ತ, ನಗುತ್ತ, ಒಬ್ಬರನ್ನೊಬ್ಬರು ತಬ್ಬಿಕೊಂಡು ಮನೆಗೆ ಮರಳಿ ಗಂಜಿ ಉಣ್ಣುತ್ತಾರೆ. ತಮ್ಮ ಮನೆಯವನು ಬಾರದಿರಲಿ ಎಂದು ಮನೆಯವರೇ ಬೇಡಿಕೊಳ್ಳುವ ಸೇವೆ ಬೇರೆಲ್ಲಾದರೂ ಇದೆಯೋ ನಮಗೆ ತಿಳಿಯದು.

ಸೇವೆಗೆ ಬರುವ ಭಕ್ತಾದಿಗಳಲ್ಲಿ ಒಂದೇ ಬಿನ್ನಹ: ತಮಾಷೆಗೂ ಯಾರೂ ಓಗೊಡಬಾರದು. ಉತ್ತರ ಬಂದರೆ ಅದು ಯಾರದೆಂದು ನಮಗೆ ಗೊತ್ತಾಗಬೇಕು. ನಾಲ್ಕು ವರ್ಷಗಳ ಹಿಂದೆ ಸೇವೆಯ ಸಂಜೆಯೇ ಪರವೂರಿನ ಒಂದು ವಿಹಾರದ ದೋಣಿಯವರು ಪದ್ಧತಿ ತಿಳಿಯದೆ, ಕಾವಲಿನವರು ಕೂಗಿಕೊಳ್ಳುತ್ತಿದ್ದಂತೆಯೇ, ಗಡಿಯೊಳಗೆ ಕಬ್ಬಿಣದ ಲಂಗರು ಇಳಿಸಿದರು. ಅಂಗೈಯಗಲದ ಹವಳ ಮುರಿಯಿತು. ಕಡಲು ಇನ್ನೂ ಏರಿಲ್ಲ, ಯಾರೂ ಇನ್ನೂ ನಡೆದು ಬಂದಿಲ್ಲ. ಸ್ವಲ್ಪ ಹೊತ್ತಿಗೆ ಪದ್ದಕ್ಕನವರು ಮೊದಲ ಕರೆ ಕರೆದಾಗ, ಆ ದೋಣಿಯಲ್ಲಿದ್ದ ಯುವಕನೊಬ್ಬ ಕೀಟಲೆಗೆ “ಬಂದೆ” ಎಂದನು. ಜನರು ಅವನನ್ನು ಹಿಡಿದು ದಡಕ್ಕೆ ತಂದು ಬೈದಾಗ ಅವನು ಅಳುತ್ತ ತಪ್ಪು ಕಾಣಿಕೆ ಹಾಕಿ, ತಾನು ಹೇಳಿದ್ದು ಒಂದೇ ಸಲವೆಂದು ಅಬ್ಬೆಯ ಕಲ್ಲು ಮುಟ್ಟಿ ಆಣೆ ಮಾಡಿದನು. ನಮಗೆಲ್ಲ ಕೇಳಿಸಿದ್ದು ಎರಡು ಸಲ.