ತೊಂಬತ್ತೊಂಬತ್ತು ಮತ್ತು ಒಂದು ಕೆಂಡ

ಅಡುಗೆಮನೆ ರಾಜ್ಯದ ಪಟ್ಟಕ್ಕೆ ಬಂದ ದಿನವೇ ಗೋಬರ್ ಗ್ಯಾಸಿನ ಒಲೆ ಅಂಗಡಿಯ ಸಿಲಿಂಡರನ್ನು ಗಡೀಪಾರು ಮಾಡಿತು. ಮೂಲೆಯ ಹಳೆಯ ಮಣ್ಣೊಲೆಯನ್ನೂ ಸಂಜೆಯೊಳಗೆ ಕಿತ್ತುಹಾಕಲು ಅಪ್ಪಣೆ ಕೊಟ್ಟಿತು. ಆಮೇಲೆ ಹಿತ್ತಾಳೆಯ ಸೇರನ್ನು ಕರೆದು, "ಇನ್ನು ಉರಿಗಾಗಿ ನಾವು ಯಾರ ಹಂಗಿನಲ್ಲೂ ಇಲ್ಲ. ನಮ್ಮ ಸ್ವಾತಂತ್ರ್ಯ ಎಷ್ಟೆಂದು ಅಳೆದು ಹೇಳು," ಎಂದಿತು.

ಅಕ್ಕಿ ಅಳೆದಳೆದು ಅಂಚು ಸವೆದಿದ್ದ ಸೇರು ಎಲ್ಲವನ್ನೂ ಅಳೆಯಿತು. "ಹಸು ನಮ್ಮದು, ಸಗಣಿ ನಮ್ಮದು, ಗ್ಯಾಸೂ ನಮ್ಮದೇ. ನೂರಕ್ಕೆ ತೊಂಬತ್ತೊಂಬತ್ತು, ಪ್ರಭು!"

ಪಾತ್ರೆಗಳೆಲ್ಲ ಜಯಕಾರ ಹಾಕಿದವು. ಹಾಲು ಮಾತ್ರ ಗೊಣಗಿತು: "ಬಿಸಿಲೇರಿತು. ಬೇಗ ಕಾಯಿಸಿ, ಇಲ್ಲದಿದ್ದರೆ ಒಡೆದುಹೋಗುತ್ತೇನೆ."

ಒಲೆ ಬುಸ್ಸೆಂದಿತು. ಉರಿ ಬರಲಿಲ್ಲ.

"ನನ್ನಲ್ಲಿ ಒಂದು ಕಡ್ಡಿಯೂ ಇಲ್ಲ," ಎಂದಿತು ಬೆಂಕಿಪೊಟ್ಟಣ. "ಅಂಗಡಿಯಿಂದ ಬರಬೇಕು. ಆ ಉಳಿದ ಒಂದು ನಾನೇ."

ಮಣ್ಣೊಲೆ ಮೆಲ್ಲಗೆ ಕೆಮ್ಮಿತು. "ಬೆಳಗಿನ ಕೆಂಡವನ್ನು ಬೂದಿ ಮುಚ್ಚಿ ಇಟ್ಟಿದ್ದೇನಪ್ಪ. ತಗೊಳ್ಳಿ."

ಒಣ ತೆಂಗಿನಗರಿಯೊಂದು ಓಡಿಹೋಗಿ ಬೆಂಕಿ ಹೊತ್ತಿಸಿಕೊಂಡು ಬಂದಿತು. ಹಾಲು ನಗುನಗುತ್ತ ಉಕ್ಕಿತು.

ಅರಸನಾದ ಒಲೆ ದನಿ ತಗ್ಗಿಸಿ ಕೇಳಿತು: "ಸೇರೇ, ಈಗ ನೂರಕ್ಕೆ ನೂರು ತಾನೇ?"

"ಸಂಜೆಯವರೆಗೆ, ಪ್ರಭು," ಎಂದಿತು ಸೇರು. "ತಮ್ಮ ಅಪ್ಪಣೆ ಇನ್ನೂ ಜಾರಿಯಲ್ಲಿದೆ."